ಹೈಡ್ರಾಕ್ಸ್ ನಕಲಿ ಅಲ್ಲ, ಅದೇ ಮೊದಲು

ಓರಿಯೋ ಬಿಸ್ಕತ್ತಿನ ಬಗ್ಗೆ ನೀವು ಬರೆದ ಲೇಖನ ಓದಿದೆ. ಅದು 1912ರಲ್ಲಿ ನ್ಯೂಯಾರ್ಕಿನ ಚೆಲ್ಸಿಯಾ ಕಾರ್ಖಾನೆಯಲ್ಲಿ ಹುಟ್ಟಿತು ಅಂತ ಬರೆದಿದ್ದೀರಿ, ಸರಿ. ಆದರೆ ಹೈಡ್ರಾಕ್ಸ್ ಬಿಸ್ಕತ್ತನ್ನು ಸುಮ್ನೆ ಒಂದು ಸಾಲಿನಲ್ಲಿ ಅದರ ನಕಲು ಅಂದುಬಿಟ್ಟಿದ್ದು ಅನ್ಯಾಯ ಅಲ್ವಾ? ಲೂಸ್-ವೈಲ್ಸ್ ಕಂಪನಿ ಹೈಡ್ರಾಕ್ಸ್ ತಂದಿದ್ದು 1908ರಲ್ಲಿ. ಎರಡು ಕಪ್ಪು ಚಾಕೊಲೇಟ್ ಬಿಸ್ಕತ್ತು, ನಡುವೆ ಬಿಳಿ ಕ್ರೀಮು, ಎಲ್ಲಾ ಆಗಲೇ ಇತ್ತು. ನಾಲ್ಕು ವರ್ಷ ತಡವಾಗಿ ಓರಿಯೋ ತಂದ ನ್ಯಾಷನಲ್ ಬಿಸ್ಕಿಟ್ ಕಂಪನಿ ದೊಡ್ಡ ಕುಳ. ಕೊನೆಗೆ ಜನರ ಕಣ್ಣಲ್ಲಿ ಮೊದಲು ಬಂದವನೇ ಕಳ್ಳನಾದ!

ಇನ್ನೊಂದು ವಿಷಯ ಬಿಟ್ಟಿದ್ದೀರಿ. ಓರಿಯೋ ಕ್ರೀಮಿನಲ್ಲಿ ಬಹಳ ಕಾಲ ಹಂದಿ ಕೊಬ್ಬು ಇತ್ತು. ಹಾಗಾಗಿ ಹಂದಿ ಮಾಂಸ ನಿಷೇಧಿಸುವ ಕೋಷರ್ ಅನ್ನೋ ಯಹೂದಿ ಆಹಾರ ನಿಯಮ ಪಾಲಿಸುವ ಅಮೆರಿಕದ ಯಹೂದಿ ಮನೆಗಳಲ್ಲಿ ಹೈಡ್ರಾಕ್ಸೇ ನಡೆಯುತ್ತಿತ್ತು. 1990ರ ದಶಕದಲ್ಲಿ ಆ ಕೊಬ್ಬನ್ನು ತೆಗೆದರು. ಕಾರ್ಖಾನೆಯ ಓವನ್‌ಗಳನ್ನೂ ಬೆಂಕಿಯಿಂದ ಸುಟ್ಟು ಶುದ್ಧ ಮಾಡಿದ ಮೇಲೆ ಓರಿಯೋಗೆ ಕೋಷರ್ ಮುದ್ರೆ ಸಿಕ್ಕಿತು. ಹೈಡ್ರಾಕ್ಸ್‌ಗಿದ್ದ ಆ ಆಸರೆಯೂ ಹೋಯಿತು. ಆಮೇಲೆ ಹೈಡ್ರಾಕ್ಸ್ ಕೈಸೇರಿದ್ದ ಕೆಲಾಗ್ಸ್ ಕಂಪನಿ 2003ರಲ್ಲಿ ಆ ಬಿಸ್ಕತ್ತನ್ನು ನಿಲ್ಲಿಸಿತು, 2015ರಲ್ಲಿ ಲೀಫ್ ಬ್ರಾಂಡ್ಸ್ ಅನ್ನೋ ಕಂಪನಿ ಮತ್ತೆ ತಂದಿತು.

ನಮ್ಮಲ್ಲಿಗೆ ಓರಿಯೋ ಬಂದಿದ್ದು 2011ರಲ್ಲಿ. ರುಚಿ ಅಂತ ಕೇಳಿದರೆ ನನ್ನ ಓಟು ಈಗಲೂ ಬೋರ್ಬನ್ನಿಗೇ.