ಡ್ರಿಪ್ ಹಾಕುವುದಲ್ಲ ಕಷ್ಟ
ವೈದ್ಯರಿಗೆ ಜೀನ್ ಥೆರಪಿ, ಅಂದರೆ ಜೀನ್ ಮಟ್ಟದಲ್ಲೇ ಕಾಯಿಲೆ ಸರಿಪಡಿಸುವ ಚಿಕಿತ್ಸೆ, ಕಲಿಸಲು ಎರಡು ದಿನದ ಕಾರ್ಯಾಗಾರ ಸಾಕು ಅಂತ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಒಪ್ಪೋದು ಕಷ್ಟ. ಎಸ್‌ಎಂಎ ಎಂಬ ಸ್ನಾಯು ಕ್ಷೀಣಿಸುವ ಆನುವಂಶಿಕ ಕಾಯಿಲೆ ಇರುವ ಮಗುವಿಗೆ ಜೋಲ್ಜೆನ್‌ಸ್ಮಾ ಎಂಬ ಜೀನ್ ಥೆರಪಿ ಔಷಧದ ಡ್ರಿಪ್ ಹಾಕುವುದು ಸುಮಾರು ಒಂದು ಗಂಟೆಯ ಕೆಲಸ. ಅಸಲಿ ಕೆಲಸ ಆಮೇಲಿನದು: ತಿಂಗಳುಗಟ್ಟಲೆ ಲಿವರ್ ಪರೀಕ್ಷೆ, ಪ್ಲೇಟ್‌ಲೆಟ್ ಎಣಿಕೆ, ಸ್ಟೀರಾಯ್ಡ್ ಯಾವಾಗ ಇಳಿಸಬೇಕೆಂಬ ಲೆಕ್ಕ. ಡ್ರಿಪ್‌ಗೂ ಮೊದಲು, ಜೀನನ್ನು ಹೊತ್ತೊಯ್ಯುವ ಎಎವಿ ವೈರಸ್ ವಿರುದ್ಧದ ಪ್ರತಿಕಾಯ ಮಗುವಿನಲ್ಲಿ ಎಷ್ಟಿದೆ ಅಂತ ನೋಡಬೇಕು. ಒಮ್ಮೆ ಕೊಟ್ಟರೆ ವಾಪಸ್ ತೆಗೆಯಲಾಗದ ಔಷಧ ಇದು.

ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗೆ 2023ರಲ್ಲಿ ಅನುಮತಿ ಸಿಕ್ಕ ಕ್ಯಾಸ್ಗೆವಿ ಎಂಬ ಜೀನ್ ಚಿಕಿತ್ಸೆಗಂತೂ ಮೊದಲು ಕೀಮೋ ಕೊಟ್ಟು ಮೂಳೆ ಮಜ್ಜೆ ಖಾಲಿ ಮಾಡಬೇಕು. ಈ ಕೀಮೋದಿಂದ ಮುಂದೆ ಮಕ್ಕಳಾಗದೇ ಹೋಗಬಹುದಮ್ಮ ಅಂತ ಹದಿನಾರರ ಹುಡುಗಿಗೆ ಹೇಳುವುದನ್ನು ಯಾವ ಸ್ಲೈಡ್ ಕಲಿಸುತ್ತೆ ಸ್ವಾಮಿ? ಕಲಿಯುವ ವೈದ್ಯರು ಆರು ತಿಂಗಳಾದರೂ ಅನುಭವಸ್ಥರ ಜೊತೆ ವಾರ್ಡ್‌ನಲ್ಲಿ ಓಡಾಡಲಿ.