ಡಟ

ಹಗಲು ಹೊಟ್ಟೆಪಾಡಿಗೆ ಪೈಥಾನ್ ಕೋಡ್, ರಾತ್ರಿ ಚಟಕ್ಕೆ ಕನ್ನಡ ಬರಹ. ಇದು ನನ್ನ ದಿನಚರಿ. ಎರಡನ್ನೂ ಬರೆಯಲು ಒಂದೇ ತಂತ್ರಾಂಶ, ಅಂದರೆ ಒಂದೇ ಎಡಿಟರ್ ಇದ್ದರೆ ಎಷ್ಟು ಚೆನ್ನ ಅಂತ ಆಸೆಪಟ್ಟಿದ್ದೇ ತಪ್ಪಾಯಿತು.

ಪತ್ರ ಬರೆಯುವ ತಂತ್ರಾಂಶದಲ್ಲೇ ಕೋಡ್ ಬರೆದು ನೋಡಿದೆ. ನೆಟ್ಟಗಿದ್ದ ಉದ್ಧರಣ ಚಿಹ್ನೆಗಳಿಗೆಲ್ಲ ಅದು ಸುರುಳಿ ಮೀಸೆ ಬರಿಸಿತು. ಪೈಥಾನ್‌ಗೆ ಮೀಸೆ ಆಗಿಬರಲ್ಲ.

ಆಮೇಲೆ ಈಮ್ಯಾಕ್ಸ್ ಅನ್ನುವ ಎಡಿಟರ್. ಅದರೊಳಗೆ ಟೆಟ್ರಿಸ್ ಆಟ ಇದೆ. ನಿಮ್ಮ ಕಷ್ಟ ಏನು ಅಂತ ವಿಚಾರಿಸುವ ಡಾಕ್ಟರ್ ಕೂಡ ಇದ್ದಾರೆ! ಒಂದು ವಾರ ಟೆಟ್ರಿಸ್ ಆಡಿದೆ. ಆಡಿದ್ದಕ್ಕೆ ಡಾಕ್ಟರ ಮುಂದೆ ಗೋಳಾಡಿದೆ. ಒಂದು ಸಾಲೂ ಬರೆಯಲಿಲ್ಲ.

ಕೊನೆಗೆ ವಿಮ್. ಪಾತ್ರೆ ತೊಳೆಯೋದಲ್ಲ ಅಂತ ಮನೆಯವಳಿಗೆ ಎರಡು ಸಲ ಹೇಳಬೇಕಾಯಿತು. ಇದರಲ್ಲಿ ಬರೆಯುವ ಸ್ಥಿತಿ ಬೇರೆ, ಅಪ್ಪಣೆ ಕೊಡುವ ಸ್ಥಿತಿ ಬೇರೆ. ಕರ್ಸರ್ ಓಡಿಸಲು ಎಚ್, ಜೆ, ಕೆ, ಎಲ್ ಕೀಲಿಗಳು. ಇದರ ಹಿರೀಕ ವಿಐ 1976ರದ್ದು. ಅದನ್ನು ಬರೆದ ಬಿಲ್ ಜಾಯ್ ಬಳಸುತ್ತಿದ್ದ ಕೀಬೋರ್ಡಿನಲ್ಲಿ ಬಾಣದ ಗುರುತುಗಳು ಆ ನಾಲ್ಕು ಅಕ್ಷರಗಳ ಮೇಲೇ ಇದ್ದವಂತೆ. ಅವರ ಮನೆ ಕೀಬೋರ್ಡಿಗೆ ನಾವ್ಯಾಕೆ ಬೆರಳು ತಿರುಚಬೇಕೋ! ಇರಲಿ. ಸೇವ್ ಮಾಡಿ ಹೊರಬರಲು ಎಸ್ಕೇಪ್ ಒತ್ತಿ, ಕೋಲನ್ ಹಾಕಿ, ಡಬ್ಲ್ಯೂ, ಕ್ಯೂ ಒತ್ತಬೇಕು.

ನಾನು ಕನ್ನಡ ಟೈಪ್ ಮಾಡುವುದು ಕೆ.ಪಿ. ರಾವ್ ಕೀಬೋರ್ಡ್ ವಿನ್ಯಾಸದಲ್ಲಿ. ಅದರಲ್ಲಿ ಡಬ್ಲ್ಯೂ ಒತ್ತಿದರೆ ಡ. ಕ್ಯೂ ಒತ್ತಿದರೆ ಟ.

ಲೇಖನ ಕಳಿಸಲು ಅವತ್ತೇ ಕೊನೇ ದಿನ. ರಾತ್ರಿ ಹನ್ನೊಂದೂವರೆ. ಎಸ್ಕೇಪ್, ಕೋಲನ್, ಡಟ. ಅಂಥ ಆಜ್ಞೆಯೇ ಇಲ್ಲ ಅಂದಿತು ವಿಮ್. ಮತ್ತೆ ಡಟ. ಸ್ವಲ್ಪ ಜೋರಾಗಿ ಡಟ. ಗಾಬರಿಯಲ್ಲಿ ಬರೆಯುವ ಸ್ಥಿತಿಗೆ ಯಾವಾಗ ಹೋದೆನೋ, ಎಸ್ಕೇಪ್ ಒತ್ತುವುದನ್ನು ಎಷ್ಟು ಸಲ ಮರೆತೆನೋ ಗೊತ್ತಿಲ್ಲ.

"ಏನ್ರೀ ಅದು, ಅರ್ಧರಾತ್ರೀಲಿ ಕುಟ್ಟೋದು?" ಒಳಗಿಂದ ದನಿ ಬಂತು.

"ಹೊರಗೆ ಬರೋಕೆ ಆಗ್ತಿಲ್ಲ ಕಣೇ."

"ಬಾಗಿಲು ತೆಗೆದೇ ಇದೆಯಲ್ಲ!"

ಕನ್ನಡ ಆಫ್ ಮಾಡಬೇಕು ಅಂತ ಹೊಳೆಯುವಷ್ಟರಲ್ಲಿ ಹನ್ನೆರಡಾಗಿತ್ತು. ಮತ್ತೊಮ್ಮೆ ಓದದೇ ಕಳಿಸಿಬಿಟ್ಟೆ.

ಮಾರನೇ ದಿನ ಪತ್ರಿಕೆಯಿಂದ ಫೋನು. "ಸಾರ್, ಬರಹದಲ್ಲಿ ಆರು ಕಡೆ 'ಡಟ' ಅಂತ ಬರುತ್ತೆ. ನಿಮ್ಮೂರ ಕಡೆ ಮಾತಾ? ಚೆನ್ನಾಗಿದೆ, ಹಾಗೇ ಬಿಟ್ಟಿದ್ದೀವಿ."