ಆ ಸನ್‌ಸ್ಕ್ರೀನ್ ಭಾಷಣ ವೊನೆಗಟ್ ಅವರದ್ದಲ್ಲ

ನಮ್ಮ ಮಂಗಳೂರಿನ ಗ್ರೂಪುಗಳಲ್ಲಿ ಒಂದು ವಾಟ್ಸ್‌ಆ್ಯಪ್ ಫಾರ್ವರ್ಡ್ ಮತ್ತೆ ಸುತ್ತುತ್ತಿದೆ. ಕಾದಂಬರಿಕಾರ ಕರ್ಟ್ ವೊನೆಗಟ್ 1997ರಲ್ಲಿ ಎಂಐಟಿಯ ಪದವಿ ಸಮಾರಂಭದಲ್ಲಿ ‘ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ’ ಅಂತ ಭಾಷಣ ಮಾಡಿದರಂತೆ. (ಮಣಿಪಾಲದ ಎಂಐಟಿ ಅಲ್ಲ ಮಾರಾಯ್ರೆ, ಅಮೆರಿಕದ್ದು.)

ಅದು ಭಾಷಣವೇ ಅಲ್ಲ. ಶಿಕಾಗೊ ಟ್ರಿಬ್ಯೂನ್ ಪತ್ರಿಕೆಯ ಅಂಕಣಕಾರ್ತಿ ಮೇರಿ ಶ್ಮೀಕ್ ಬರೆದ ಅಂಕಣ. ಅಚ್ಚಾದದ್ದು 1997ರ ಜೂನ್ 1ರಂದು. ಆ ವರ್ಷ ಎಂಐಟಿಯಲ್ಲಿ ಮಾತಾಡಿದ್ದು ವಿಶ್ವಸಂಸ್ಥೆಯ ಕೋಫಿ ಅನ್ನಾನ್.

ಶ್ಮೀಕ್ ಇದನ್ನು ಬರೆದ ಕತೆ ಇನ್ನೂ ಚಂದ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಿಸಿಲಿಗೆ ಮೈಯೊಡ್ಡಿದ್ದ ಒಬ್ಬ ಹುಡುಗಿ ಕಣ್ಣಿಗೆ ಬಿದ್ದಳು. ಅಷ್ಟೇ ಸಾಕಾಯಿತು. ಒಂದು ಶುಕ್ರವಾರ ಮಧ್ಯಾಹ್ನ ಕಾಫಿ ಹೀರುತ್ತಾ, ಎಂ ಅಂಡ್ ಎಂ ಚಾಕಲೇಟ್ ಮೆಲ್ಲುತ್ತಾ ಬರೆದು ಮುಗಿಸಿದರು. ನಮ್ಮ ಪಣಂಬೂರು ಬೀಚಿನಲ್ಲಿ ಮೇ ತಿಂಗಳ ಮಧ್ಯಾಹ್ನ ಹಾಗೆ ಮಲಗಿದರೆ ಏನಾಗುತ್ತದೆ ಅಂತ ನಮಗೆ ಗೊತ್ತೇ ಇದೆ, ಅಲ್ವಾ?

ಇಮೇಲ್‌ನಲ್ಲಿ ಹರಡುವಾಗ ಹೆಸರು ಬದಲಾಯಿತು. ವೊನೆಗಟ್ ಕೂಡ ಇದು ತನ್ನದಲ್ಲ ಅಂತಲೇ ಹೇಳಿದ್ದರು. ಶ್ಮೀಕ್ ಅವರಿಗೆ 2012ರಲ್ಲಿ ಅಂಕಣ ಬರಹಕ್ಕೆ ಅಮೆರಿಕದ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಬಂತು.

ಸುಮ್ನೆ ಬೇರೆಯವರನ್ನು ಯಾಕೆ ದೂರಲಿ, ಹೋದ ವರ್ಷ ನಾನೂ ಇದನ್ನೇ ಕಳಿಸಿದ್ದೆ. ಮುಂದೆ ಕಳಿಸುವವರು ವೊನೆಗಟ್ ಹೆಸರು ತೆಗೆದು ಶ್ಮೀಕ್ ಹೆಸರು ಹಾಕಿ.